ಮಾದಪ್ಪನ ಹಾಡು ಮಲೆಯಿಂದ ಮೊಬೈಲಿಗೆ: ನಾವು ಕೇಳುತ್ತಿರುವುದು ಏನನ್ನು?

ಕೊಳ್ಳೇಗಾಲದವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಮಾದಪ್ಪನ, ಅಂದರೆ ಮಲೆ ಮಾದೇಶ್ವರನ ಒಕ್ಕಲು. ಸೋಮವಾರ ಬಂದರೆ ಮನೆಯಲ್ಲಿ ಮೊದಲು ಧೂಪ, ಆಮೇಲೆ ಬೇರೆ ಕೆಲಸ. ಅಣ್ಣ ಮಾದೇಶ, ಚಿಕ್ಕಪ್ಪ ಮಹದೇವಸ್ವಾಮಿ, ಸೋದರತ್ತೆ ಮಾದಮ್ಮ. ನಮ್ಮ ಕಡೆ ಯಾವ ಮನೆಗೆ ಹೋದರೂ ಹೀಗೇ.

ಈಗ ಬೆಂಗಳೂರಿನಲ್ಲಿ ಕೆಲಸ. ನಮ್ಮ ಆಫೀಸಿನಲ್ಲಿ ಕನ್ನಡ ಬಾರದವರಿಗೂ ಮಾದಪ್ಪನ ಹಾಡು ‘ಸೋಜುಗಾದ ಸೂಜುಮಲ್ಲಿಗೆ’ ಗೊತ್ತು. ಮನಸ್ಸಿಗೆ ಹಿತ ಅಂತ ಕಿವಿಗೆ ಹಾಕಿಕೊಂಡು ಕೆಲಸ ಮಾಡುತ್ತಾರೆ. ಕೇಳಿ ಸಂತೋಷವೇ ಆಗುತ್ತದೆ. ಆದರೆ ಅವರಲ್ಲಿ ಒಬ್ಬರೂ ಆ ಹಾಡಿಗೆ ಹಿಡಿಯುವ ಕಂಚಿನ ತಾಳ, ಕಂಸಾಳೆ, ನೋಡಿಲ್ಲ. ಇದು ಯಾವ ದೇವರ ಹಾಡು ಅಂತಲೂ ಗೊತ್ತಿಲ್ಲ. ‘ಶಿವನ ಹಾಡು ತಾನೇ’ ಅಂದರು. ಹೌದು ಅನ್ನಬೇಕೋ, ಅಲ್ಲ ಅನ್ನಬೇಕೋ ತಿಳಿಯಲಿಲ್ಲ.

ಇನ್ನೊಂದು ಕಡೆ ವಿಶ್ವವಿದ್ಯಾಲಯದವರು ಇದನ್ನೇ ಜನಪದ ಮಹಾಕಾವ್ಯ ಅಂತ ದಪ್ಪ ದಪ್ಪ ಪುಸ್ತಕ ಮಾಡಿದ್ದಾರೆ. ನಮ್ಮ ಅಜ್ಜಿಗೆ ಅದು ಕಾವ್ಯವೂ ಅಲ್ಲ, ಸಿನಿಮಾ ಹಾಡೂ ಅಲ್ಲ. ಮಾದಪ್ಪನ ದೀಕ್ಷೆ ಪಡೆದ ಗುಡ್ಡರು ಬಂದು ಹಾಡಿದರೆ ಅವರ ಜೋಳಿಗೆಗೆ ರಾಗಿ ಹಾಕಿ ಕೈಮುಗಿಯಬೇಕು, ಅಷ್ಟೇ.

ಹಾಡು ಇಷ್ಟು ದೂರ ಹೋಯಿತಲ್ಲ, ಅದರ ಜೊತೆ ಮಾದಪ್ಪನೂ ಹೋದನಾ? ಅಥವಾ ಹೋಗಿದ್ದು ಬರೀ ರಾಗವಾ? ಮಲೆಯ ಸುತ್ತಮುತ್ತಲವರು, ಓದಿದವರು, ಸಿನಿಮಾ ಬಲ್ಲವರು ಎಲ್ಲರೂ ಹೇಳಿ.

ಹನೂರು ಮೇಷ್ಟ್ರು

ಒಳ್ಳೆಯ ಮಾತು ಎತ್ತಿದ್ದೀಯಮ್ಮ. ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ವಿವರ ಹೇಳುತ್ತೇನೆ.

ಮಲೆ ಮಾದೇಶ್ವರ ಬೆಟ್ಟ ಇರುವುದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಅಂತ ಏಳು ಮಲೆಯ ಒಡೆಯ ಅವನು. ವಿದ್ವಾಂಸರು ಅವನ ಕಾಲ ಹದಿನಾಲ್ಕು, ಹದಿನೈದನೇ ಶತಮಾನದ ಆಸುಪಾಸು ಅನ್ನುತ್ತಾರೆ. ಹಾಡುವವರಿಗೆ ಆ ಲೆಕ್ಕ ಬೇಕಿಲ್ಲ.

ಕಥೆಯನ್ನು ಹಾಡುವವರು ದೇವರಗುಡ್ಡರು. ಕಥೆಯ ಭಾಗಗಳಿಗೆ ‘ಸಾಲು’ ಅನ್ನುತ್ತಾರೆ. ಮಾದಪ್ಪ ಹುಟ್ಟಿದ ಸಾಲು, ಶ್ರವಣನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಒಂದೊಂದಕ್ಕೂ ಒಂದೊಂದು ರಾತ್ರಿ ಹಿಡಿಯುತ್ತದೆ. ಹಾಡುವವರ ಶಕ್ತಿ ನೋಡಿಕೊಂಡು ಇನ್ನೂ ಜಾಸ್ತಿಯೂ ಆಗಬಹುದು. ನಮ್ಮಲ್ಲೇ ಮಂಟೇಸ್ವಾಮಿಯ ಕಥೆಯೂ ಇದೆ. ಅದನ್ನು ಹಾಡುವವರು ನೀಲಗಾರರು, ಅವರ ಕೈಯಲ್ಲಿ ತಂಬೂರಿ. ಗುಡ್ಡರ ಕೈಯಲ್ಲಿ ಕಂಸಾಳೆ. ಎರಡನ್ನೂ ಬೆರೆಸಬೇಡಿ.

ಶಿವನ ಹಾಡಾ ಅಂತ ಕೇಳಿದರಲ್ಲ, ಹೌದು ಅಂದರೂ ತಪ್ಪಿಲ್ಲ. ಆದರೆ ನಮ್ಮ ಮಾದಪ್ಪ ಕೈಲಾಸದಲ್ಲಿ ಕೂತವನಲ್ಲ. ಸುತ್ತೂರು ಮಠದಲ್ಲಿ ರಾಗಿ ಬೀಸಿದವನು, ಕುಂತೂರು ಮಠಕ್ಕೆ ಹೋದವನು, ಹುಲಿ ಏರಿ ಈ ಕಾಡು ಸುತ್ತಿದವನು. ಅವನು ನಡೆದ ಊರುಗಳಿಗೆ ಇವತ್ತೂ ಬಸ್ಸು ಹತ್ತಿ ಹೋಗಬಹುದು.

ಕಡಲೂರು ಸಿನಿಮಾಪ್ರಿಯ

ನಾನು ಮಂಗಳೂರಿನವನು. ನಮಗೆ ದೈವ, ಕೋಲ ಗೊತ್ತು. ಮಾದಪ್ಪ ಗೊತ್ತಿರಲಿಲ್ಲ. ನನಗೆ ಆ ಹಾಡು ಸಿಕ್ಕಿದ್ದು 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ. ಚೈತ್ರಾ ಆಚಾರ್ ದನಿ. ಕೊಲೆ ಮಾಡಿದವನು ಕುಣಿಯುವ ದೃಶ್ಯಕ್ಕೆ ಆ ಹಾಡು. ಚಿತ್ರಮಂದಿರದಲ್ಲಿ ಮೈ ಜುಮ್ಮೆಂದಿತ್ತು. ಅಲ್ಲಿಂದ ಹುಡುಕಿಕೊಂಡು ಹೋಗಿ ಅನನ್ಯಾ ಭಟ್ ಶಿವರಾತ್ರಿ ವೇದಿಕೆಯಲ್ಲಿ ಹಾಡಿದ್ದನ್ನು ಕೇಳಿದೆ. ಅಲ್ಲಿಂದ ಮುಂದೆ ಕಂಸಾಳೆ ಮಹದೇವಯ್ಯನವರ ದನಿ ಸಿಕ್ಕಿತು. ಹೋದ ವರ್ಷ ಬೆಟ್ಟಕ್ಕೇ ಹೋಗಿ ಬಂದೆ.

ಸಿನಿಮಾ ಇಲ್ಲದಿದ್ದರೆ ಇದರಲ್ಲಿ ಯಾವುದೂ ಆಗುತ್ತಿರಲಿಲ್ಲ. ಅದಕ್ಕೂ ಮೊದಲು 1996ರಲ್ಲಿ ‘ಜನುಮದ ಜೋಡಿ’ಯಲ್ಲಿ ‘ಕೋಲುಮಂಡೆ ಜಂಗಮ’ ಬಂದಿತ್ತಲ್ಲ. ಎಲ್.ಎನ್. ಶಾಸ್ತ್ರಿ ಅವರಿಗೆ ಅದಕ್ಕೆ ರಾಜ್ಯಪ್ರಶಸ್ತಿಯೂ ಬಂತು. ಆ ಹಾಡು ಇವತ್ತು ಮದುವೆ ಮನೆಯಲ್ಲೂ ಕೇಳುತ್ತದೆ. ಸಿನಿಮಾದಿಂದ ಮಾದಪ್ಪನ ಹಾಡಿಗೆ ಕೆಟ್ಟದ್ದಾಗಿದೆ ಅಂತ ನನಗೆ ಅನಿಸುವುದಿಲ್ಲ.

ಗುಡ್ಡರ ಮನೆಯವನು

ನಮ್ಮಪ್ಪ ದೇವರಗುಡ್ಡರು. ತಾತನೂ ಅಷ್ಟೇ. ನಾನು ದೀಕ್ಷೆ ತೆಗೆದುಕೊಂಡಿಲ್ಲ, ಓದಿ ಕೆಲಸಕ್ಕೆ ಸೇರಿದೆ. ಹಿಮ್ಮೇಳಕ್ಕೆ ಮಾತ್ರ ಕೂರುತ್ತೇನೆ.

ಅಕ್ಕ ಕೇಳಿದ್ದಕ್ಕೆ ನನಗೆ ಕಂಡಿದ್ದು ಹೇಳುತ್ತೇನೆ. ನಮ್ಮಲ್ಲಿ ಹಾಡು ಅಂತ ಬಿಡಿಯಾಗಿ ಒಂದು ವಸ್ತು ಇಲ್ಲ. ಒಬ್ಬ ಗುಡ್ಡ ಯಾಕೆ ಹಾಡುತ್ತಾನೆ? ಮಕ್ಕಳಾಗದವರು, ಕಾಯಿಲೆ ಬಿದ್ದವರು ಹರಕೆ ಹೊತ್ತು ಮಗನನ್ನು ಮಾದಪ್ಪನಿಗೆ ಗುಡ್ಡ ಬಿಡುತ್ತಾರೆ. ಅವನಿಗೆ ಗುರುವಿನಿಂದ ದೀಕ್ಷೆ ಆಗಬೇಕು. ರುದ್ರಾಕ್ಷಿ, ಜೋಳಿಗೆ, ಬೆತ್ತ, ಕಂಸಾಳೆ ಕೊಡುತ್ತಾರೆ. ಆಮೇಲೆ ಅವನು ಎಷ್ಟೇ ಅನುಕೂಲಸ್ಥನಾಗಿರಲಿ, ಭಿಕ್ಷಕ್ಕೆ ಹೋಗಲೇಬೇಕು. ನಮ್ಮಪ್ಪ ಎರಡು ಎಕರೆ ಗದ್ದೆ ಇಟ್ಟುಕೊಂಡೇ ಮನೆ ಮನೆ ಮುಂದೆ ನಿಲ್ಲುತ್ತಿದ್ದರು. ಚಿಕ್ಕವನಿದ್ದಾಗ ನನಗೆ ಅದು ನಾಚಿಕೆ. ಅವರಿಗೆ ಅದೇ ಪೂಜೆ.

ಕಂಸಾಳೆ ನೋಡದವರಿಗೆ: ಎಡಗೈಯಲ್ಲಿ ಬಟ್ಟಲಿನ ಹಾಗೆ ನಡುವೆ ಗುಳಿ ಇರುವ ಕಂಚಿನ ತಾಳ. ಬಲಗೈಯಲ್ಲಿ ಚಪ್ಪಟೆ ತಾಳ, ಅದರ ನಡುವೆ ದಾರ, ದಾರಕ್ಕೆ ಗೊಂಡೆ. ಕೂತು ಹಾಡುವಾಗ ಚಪ್ಪಟೆಯದನ್ನು ಬಟ್ಟಲ ಅಂಚಿಗೆ ಸವರುತ್ತಾರೆ, ತಟ್ಟುತ್ತಾರೆ. ಒಂದೇ ತಾಳದಲ್ಲಿ ಒಮ್ಮೆ ಗಂಟೆ ಕೇಳುತ್ತದೆ, ಒಮ್ಮೆ ಪಿಸುಮಾತು ಕೇಳುತ್ತದೆ. ಸಂಕಮ್ಮ ಅಳುವ ಕಡೆ ನಮ್ಮಪ್ಪ ಅದನ್ನು ಬಟ್ಟಲಿಗೆ ಒತ್ತಿ ಹಿಡಿದುಬಿಡುತ್ತಿದ್ದರು. ಸದ್ದೇ ಇಲ್ಲ. ಜೊತೆಗೆ ಬಾರಿಸುವ ದಮ್ಮಡಿ ವಾದ್ಯವೂ ನಿಲ್ಲುತ್ತಿತ್ತು. ಬರೀ ದನಿ. ಎದುರಿಗೆ ಕೂತ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು.

ಬೀಸು ಕಂಸಾಳೆಯಲ್ಲಿ ಅದೇ ತಾಳವನ್ನು ದಾರದಲ್ಲಿ ಬೀಸಿ, ಬೆನ್ನ ಹಿಂದೆ, ಕಾಲ ಕೆಳಗೆ, ಪಕ್ಕದವನ ತಾಳಕ್ಕೆ ತಾಗಿಸಿ ಕುಣಿಯುತ್ತಾರೆ. ನೀವೆಲ್ಲ ದಸರಾ ಮೆರವಣಿಗೆಯಲ್ಲಿ ನೋಡಿರುವುದು ಅದನ್ನು.

ಸೂಜುಮಲ್ಲಿಗೆಯಂಥ ಹೂವಿನ ಹಾಡುಗಳನ್ನು ನಾವು ಎಲ್ಲಿ ಬೇಕೆಂದರಲ್ಲಿ ಹಾಡುವುದಿಲ್ಲ. ಪೂಜೆ ನಡೆಯುವಾಗ, ಧೂಪದ ಹೊಗೆ ಏಳುವಾಗ ಹಾಡಬೇಕು. ಕುಣಿತಕ್ಕೆ ಬೇರೆ ಪದ ಇವೆ. ಸಿನಿಮಾದವರು ಆ ಗೆರೆ ಅಳಿಸಿದ್ದಾರೆ. ಬೈಯುತ್ತಿಲ್ಲ, ಆಗಿದ್ದು ಏನು ಅಂತ ಹೇಳುತ್ತಿದ್ದೇನೆ.

ಮದ್ದೂರು ಮಹದೇವಿ

ಆ ಸಿನಿಮಾದಲ್ಲಿ ಶೂ ಹಾಕಿಕೊಂಡು ಮಾದಪ್ಪನ ಹಾಡಿಗೆ ಕುಣಿದಿದ್ದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಆಗ ಎಷ್ಟೋ ಭಕ್ತರು ಬೇಸರ ಪಟ್ಟುಕೊಂಡರು. ತಾಳುಬೆಟ್ಟದಿಂದ ಬರಿಗಾಲಲ್ಲಿ ಹತ್ತಿ ಹೋಗುವವರು ನಾವು. ರಕ್ತ, ಕೊಲೆ, ಅದರ ಮೇಲೆ ‘ಮಾದೇವ’! ಬೇರೆ ಹಾಡೇ ಸಿಗಲಿಲ್ವಾ?

ಜಾನಪದ ಓದುವವನು

ಮಹದೇವಿ ಅಕ್ಕನ ಬೇಸರ ಅರ್ಥವಾಗುತ್ತದೆ. ಆದರೆ ಚಪ್ಪಲಿಯ ವಿಷಯದಲ್ಲಿ ಕಥೆಯೇ ಏನು ಹೇಳುತ್ತದೆ ನೋಡೋಣ.

ಶ್ರವಣನ ಸಾಲಿನಲ್ಲಿ ಶ್ರವಣ ಬಂಕಾಪುರಿಯ ದೊರೆ. ದೇವರುಗಳನ್ನೇ ಸೆರೆಯಲ್ಲಿಟ್ಟವನು. ಅವನನ್ನು ಮುಗಿಸಲು ಮಾದಪ್ಪ ಬಿಲ್ಲು ಬಾಣ ಹಿಡಿಯುವುದಿಲ್ಲ. ಹರಳಯ್ಯನ ಹತ್ತಿರ ಹೋಗುತ್ತಾನೆ. ಹರಳಯ್ಯ ಮಾಡಿಕೊಟ್ಟ ಎಕ್ಕಡದಿಂದಲೇ ಶ್ರವಣನ ಸಾವು. ಮೂರು ಲೋಕ ನಡುಗಿಸಿದವನನ್ನು ಮುಗಿಸಿದ್ದು ಚಮ್ಮಾರನ ಕೈಕೆಲಸ. ಯಾರನ್ನು ಊರ ಹೊರಗಿಟ್ಟರೋ ಅವರ ಕೈಯಿಂದಲೇ ದೇವರುಗಳಿಗೆ ಬಿಡುಗಡೆ. ಇಷ್ಟು ದೊಡ್ಡ ಮಾತನ್ನು ಹೇಳುವ ಕಾವ್ಯ ಇದು. ಅಂಥ ಕಾವ್ಯದ ಒಡೆಯನಿಗೆ ಚಪ್ಪಲಿಯಿಂದ ಮೈಲಿಗೆ ಅನ್ನುವುದು ಆಮೇಲೆ ಬಂದ ಮಡಿ ಅಂತ ನನಗೆ ಅನಿಸುತ್ತದೆ.

ಪುಸ್ತಕಗಳ ಬಗ್ಗೆಯೂ ಒಂದು ಮಾತು. ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲೇ ಈ ಕಾವ್ಯವನ್ನು ಸಂಗ್ರಹಿಸಿ ತಂದರು. ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದರು. ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಅದರ ಹೆಸರಿನಲ್ಲೇ ‘ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದಂತೆ’ ಅಂತ ಇದೆ. ಇದು ಚಿಕ್ಕ ವಿಷಯ ಅಲ್ಲ. ಹಾಡಿದವರ ಹೆಸರನ್ನು ಮುಖಪುಟಕ್ಕೆ ತಂದಿದ್ದು ವಿದ್ವಾಂಸರು. ಸಿನಿಮಾದ ಹಾಡಿನ ಕೆಳಗೆ ‘ಸಾಹಿತ್ಯ: ಜಾನಪದ’ ಅಂತ ಒಂದೇ ಪದ ಇರುತ್ತದೆ. ಯಾವ ಗುಡ್ಡ, ಯಾವ ಊರು, ಯಾವ ಗುರು, ಏನೂ ಇಲ್ಲ. ನನ್ನ ಜಗಳ ಇರುವುದು ಅಲ್ಲಿ, ಶೂ ಮೇಲೆ ಅಲ್ಲ.

ಗುಡ್ಡರ ಮನೆಯವನು

@ಜಾನಪದ ಓದುವವನು, ಹರಳಯ್ಯನ ಮಾತು ನೂರಕ್ಕೆ ನೂರು ಸರಿ ಅಣ್ಣಾ. ಆ ಸಾಲು ಹಾಡುವಾಗ ಹರಳಯ್ಯನ ಕೇರಿಯವರು ಎದೆ ಉಬ್ಬಿಸಿ ಕೂತಿರುತ್ತಾರೆ. ಆದರೆ ಅದನ್ನು ಹಾಡುವ ಗುಡ್ಡನೂ ಬರಿಗಾಲಲ್ಲೇ ಇರುತ್ತಾನಲ್ಲ. ಎಕ್ಕಡ ಕೀಳು ಅಂತ ಅಲ್ಲ, ದೇವರ ಮುಂದೆ ನಿಲ್ಲುವಾಗ ಬಿಟ್ಟು ನಿಲ್ಲುವುದು ನಮ್ಮ ರೂಢಿ. ಎರಡೂ ಒಟ್ಟಿಗೆ ನಿಜ. ಕಥೆಯನ್ನು ಓದಿ ಆಚರಣೆಗೆ ತೀರ್ಪು ಕೊಡಬೇಡಿ.

ಹೆಸರಿನ ವಿಷಯಕ್ಕೆ ಮಾತ್ರ ಕೈಮುಗಿಯುತ್ತೇನೆ. ನಮ್ಮಪ್ಪನ ಹಾಡನ್ನು ಎಷ್ಟೋ ಜನ ಬಂದು ಧ್ವನಿಮುದ್ರಿಸಿಕೊಂಡು ಹೋದರು. ಕ್ಯಾಸೆಟ್ ಕಾಲದಲ್ಲಿ ಒಬ್ಬರು ರಾತ್ರಿಯಿಡೀ ಹಾಡಿಸಿಕೊಂಡು ಬಸ್ ಚಾರ್ಜು ಕೊಟ್ಟು ಕಳಿಸಿದರು. ಆ ಕ್ಯಾಸೆಟ್ ಎಲ್ಲಾ ಜಾತ್ರೆಯಲ್ಲೂ ಮಾರಾಟ ಆಯಿತು. ಅದರ ಮೇಲೆ ಅಪ್ಪನ ಹೆಸರು ಇರಲಿಲ್ಲ.

ಕೊಳ್ಳೇಗಾಲದವಳು

ಓದಿ ಮನಸ್ಸಿಗೆ ಬಹಳ ಕಷ್ಟ ಆಯಿತು ಅಣ್ಣಾ. ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ.

ಸಂಕಮ್ಮನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಇಡೀ ಕಥೆಯಲ್ಲಿ ಅದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಕೇಳದವರಿಗೆ ಸ್ವಲ್ಪ ಹೇಳುತ್ತೇನೆ. ಸಂಕಮ್ಮ ಕಾಡಿನ ಬುಡಕಟ್ಟಿನವರಾದ ಸೋಲಿಗರ ನೀಲೇಗೌಡನ ಹೆಂಡತಿ. ಮಕ್ಕಳಿಲ್ಲ. ಗಂಡ ಕಾಡಿಗೆ ಹೊರಟಿದ್ದಾನೆ. ಹೋಗುವ ಮುಂಚೆ ಅವಳ ಮೇಲೆ ಅನುಮಾನ. ನಾನು ಬರುವತನಕ ಸರಿಯಾಗಿ ಇರುತ್ತೀನಿ ಅಂತ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಹೊಡೆಯುತ್ತಾನೆ, ಹಿಂಸೆ ಕೊಡುತ್ತಾನೆ. ಆಗಲೂ ಕೊಡುವುದಿಲ್ಲ. ಕಾಡಿನ ನಡುವೆ ಗುಡಿಸಲಲ್ಲಿ ಕಟ್ಟಿಹಾಕಿ ಹೊರಟುಹೋಗುತ್ತಾನೆ. ಅಲ್ಲಿಗೆ ಜಂಗಮನ ವೇಷದಲ್ಲಿ ಮಾದಪ್ಪ ಬರುತ್ತಾನೆ. ಅವನ ವರದಿಂದ ಅವಳಿಗೆ ಅವಳಿ ಮಕ್ಕಳು, ಕಾರಯ್ಯ ಬಿಲ್ಲಯ್ಯ.

ಕಾಲೇಜಿನಲ್ಲಿ ಇದರ ಮೇಲೆ ಒಂದು ಉಪನ್ಯಾಸ ಕೇಳಿದ್ದೆ. ಹೆಣ್ಣಿನ ಶೀಲ, ಗಂಡಿನ ಅಧಿಕಾರ, ಹೀಗೆಲ್ಲ ವಿವರಿಸಿದರು. ಸರಿಯಾಗೇ ಹೇಳಿದರು. ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. ಅಜ್ಜಿ ಕಡಲೆಕಾಯಿ ಸುಲಿಯುತ್ತಾ, ‘ಅವಳು ಯಾಕೆ ಭಾಷೆ ಕೊಡಬೇಕು? ತಪ್ಪು ಮಾಡದೋಳು ಭಾಷೆ ಕೊಟ್ಟರೆ ಅನುಮಾನಕ್ಕೆ ಒಪ್ಪಿಕೊಂಡ ಹಾಗೆ’ ಅಂದರು. ಉಪನ್ಯಾಸದ ಒಂದು ಗಂಟೆಯ ಸಾರ ಅಲ್ಲೇ ಇತ್ತು. ನಮ್ಮಜ್ಜಿ ಸ್ಲೇಟು ಹಿಡಿದವರಲ್ಲ. ಗುಡ್ಡರ ಎದುರು ರಾತ್ರಿಗಟ್ಟಲೆ ಕೂತು ಕೇಳಿ ಕಲಿತಿದ್ದು ಅದು. ಅಕ್ಕಪಕ್ಕದ ಮನೆಯಲ್ಲಿ ಗಂಡ ಹೆಂಡಿರ ಜಗಳ ಆದರೆ ‘ಸಂಕಮ್ಮನ ಪಾಡು’ ಅಂತಲೇ ಮಾತಾಡಿಕೊಳ್ಳುತ್ತಾರೆ.

ಧರ್ಮ ಅಂದರೆ ಏನು ಅಂತ ಯಾರಾದರೂ ನನ್ನನ್ನು ಕೇಳಿದರೆ ಈ ಮಾತನ್ನೇ ತೋರಿಸುತ್ತೇನೆ.

ಧಾರವಾಡದ ಓದುಗಿ

ನಿಮ್ಮ ಅಜ್ಜಿಗೆ ಶರಣು. ಆದರೆ ಒಂದು ತಕರಾರು ಇದೆ ನನ್ನದು.

ನಾವು ಮಾದಪ್ಪನನ್ನು ಬರೀ ಕರುಣಾಮಯಿ ಮಾಡಿಬಿಡುತ್ತಿದ್ದೇವೆ. ಸಂಕಮ್ಮನಿಗೆ ಮಕ್ಕಳನ್ನು ಕೊಟ್ಟವನು ಆ ಮಕ್ಕಳನ್ನು ತನ್ನ ಸೇವೆಗೆ ಬೇಕು ಅಂತಲೂ ಕೇಳುತ್ತಾನೆ. ಬೇವಿನಹಟ್ಟಿ ಕಾಳಮ್ಮ ಭಿಕ್ಷ ಹಾಕದೆ ಸೊಕ್ಕು ತೋರಿಸಿದ್ದಕ್ಕೆ ಅವಳ ಮನೆತನವೇ ಹಾಳಾಗುತ್ತದೆ. ಅವನು ಕೊಡುವ ದೇವರೂ ಹೌದು, ಕಾಡುವ ದೇವರೂ ಹೌದು. ‘ಮಾಯ್ಕಾರ’ ಅಂತ ಸುಮ್ನೆ ಕರೆಯುವುದಿಲ್ಲ. ಟಿವಿ ಧಾರಾವಾಹಿಯಲ್ಲಿ ನೋಡಿದರೆ ಯಾವಾಗಲೂ ನಗುಮುಖ, ಹಿಂದೆ ಬೆಳಕು, ಪ್ರತಿ ಕಂತಿಗೊಂದು ನೀತಿ. ಅಲ್ಲಿ ಭಯವೇ ಇಲ್ಲ. ನಿಮ್ಮ ಆಫೀಸಿನವರು ಕೇಳುವ ಹಾಡಿನಲ್ಲೂ ಅದೇ ಆಗಿದೆ. ಮಲ್ಲಿಗೆ ಉಳಿದಿದೆ, ಹುಲಿ ಇಲ್ಲ.

ಆ ಲೆಕ್ಕದಲ್ಲಿ ಕೊಲೆಗಾರನ ದೃಶ್ಯಕ್ಕೆ ಆ ಹಾಡು ಹಾಕಿದ ನಿರ್ದೇಶಕರು ಮಾದಪ್ಪನ ಉಗ್ರ ಮುಖವನ್ನು ಧಾರಾವಾಹಿಗಿಂತ ಚೆನ್ನಾಗಿ ಹಿಡಿದರು ಅಂತ ನನ್ನ ಅಭಿಪ್ರಾಯ. ಮಹದೇವಿ ಅಕ್ಕ ಕ್ಷಮಿಸಬೇಕು.

ಮದ್ದೂರು ಮಹದೇವಿ

ಕ್ಷಮಿಸುವ ಮಾತೇನಿಲ್ಲ ತಂಗಿ. ಆದರೆ ಮಾದಪ್ಪ ಕೊಂದಿದ್ದು ಲೋಕಕಂಟಕನನ್ನು. ಆ ಸಿನಿಮಾದವನು ಕೊಂದಿದ್ದು ಯಾರನ್ನು, ಯಾಕೆ ಅಂತಲೂ ನೋಡಬೇಕು. ಉಗ್ರ ಅಂದರೆಲ್ಲಾ ಒಂದೇ ಅಲ್ಲ.

ಕಡಲೂರು ಸಿನಿಮಾಪ್ರಿಯ

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕಾ. ಅವನನ್ನು ಮೆಚ್ಚಬೇಕು ಅಂತ ಆ ಸಿನಿಮಾ ಹೇಳುವುದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಆದರೆ ಹಾಡು ಸಿನಿಮಾದಿಂದ ಕಿತ್ತುಕೊಂಡು ಹೊರಗೆ ಬಂದ ಮೇಲೆ, ರೀಲ್ಸ್‌ನಲ್ಲಿ ಲಾಂಗು ಹಿಡಿದು ಅದಕ್ಕೆ ಕುಣಿಯುವ ಹುಡುಗರನ್ನು ನೋಡಿದಾಗ ನನಗೂ ಕಸಿವಿಸಿ ಆಗುತ್ತದೆ. ನಮ್ಮ ಕಡೆ ದೈವದ ವೇಷ ಹಾಕಿ ವೇದಿಕೆ ಮೇಲೆ ಕುಣಿಯುವವರನ್ನು ನೋಡಿ ಹೊಟ್ಟೆ ಉರಿದುಕೊಂಡವನು ನಾನೇ.

ಮೆಲ್ಬರ್ನ್ ಕನ್ನಡಿಗ

ಇಲ್ಲಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಂದ ಬೀಸು ಕಂಸಾಳೆ ಮಾಡಿಸುತ್ತೇವೆ. ಮೈಸೂರಿನಿಂದ ತಾಳ ತರಿಸಿದ್ದೇವೆ. ನನ್ನ ಮಗಳೂ ಇದ್ದಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ‘ಉಘೇ’ ಅಂತ ಕೂಗಿದಾಗ ಅವಳ ಕಣ್ಣು ನೋಡಬೇಕು ನೀವು. ಗುಡ್ಡರ ಮನೆಯವರು ಬರೆದಿದ್ದನ್ನು ಓದಿ ಅಳುಕು ಆಗುತ್ತಿದೆ. ದೀಕ್ಷೆ ಇಲ್ಲದವರು ಕಂಸಾಳೆ ಹಿಡಿಯಬಾರದಾ?

ಗುಡ್ಡರ ಮನೆಯವನು

ಹಿಡಿಯಲಿ ಅಣ್ಣಾ, ಧಾರಾಳವಾಗಿ ಹಿಡಿಯಲಿ. ಈಗ ಕಾಲೇಜು ಹುಡುಗ ಹುಡುಗಿಯರೆಲ್ಲ ಕಲಿಯುತ್ತಾರೆ. ನಮ್ಮ ಅಪ್ಪನೇ ಎಷ್ಟೋ ಶಾಲೆ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ. ಎರಡು ವಿಷಯ ನೋಡಿಕೊಳ್ಳಿ. ತಾಳವನ್ನು ನೆಲಕ್ಕೆ ಎಸೆಯಬಾರದು, ಕಾಲು ತಾಗಬಾರದು. ಕುಣಿತ ಮುಗಿದ ಮೇಲೆ ಹಣೆಗೆ ಮುಟ್ಟಿಸಿ ಎತ್ತಿಡಲಿ. ಇನ್ನೊಂದು, ಮಗಳಿಗೆ ಸಂಕಮ್ಮನ ಕಥೆಯನ್ನಾದರೂ ಹೇಳಿ. ಯಾವ ಭಾಷೆಯಲ್ಲಿ ಹೇಳಿದರೂ ನಡೆಯುತ್ತದೆ. ಯಾರ ಹೆಸರು ಹೇಳಿ ಕೂಗುತ್ತಿದ್ದೀನಿ ಅಂತ ಮಗುವಿಗೆ ಗೊತ್ತಿರಲಿ.

ತಾಳವಾಡಿ ಕಡೆಯವನು

ನಾವು ತಮಿಳುನಾಡಿನ ಈರೋಡ್ ಜಿಲ್ಲೆಯವರು, ಮನೆಮಾತು ಕನ್ನಡ. ಸಿನಿಮಾ, ಪುಸ್ತಕ ಎರಡೂ ಬಾರದ ಜಾಗಕ್ಕೂ ಮಾದಪ್ಪ ಬಂದಿದ್ದಾನೆ ಅಂತ ಹೇಳಲು ಬರೆಯುತ್ತಿದ್ದೇನೆ. ಮೆಟ್ಟೂರು, ಸೇಲಂ ಕಡೆಯಿಂದ ಅಮಾವಾಸ್ಯೆಗೆ ಬರುವ ತಮಿಳು ಭಕ್ತರನ್ನು ನೋಡಿ. ಕಂಸಾಳೆಯ ಒಂದು ಪದವೂ ತಿಳಿಯುವುದಿಲ್ಲ. ಆದರೂ ಮುಡಿ ಕೊಡುತ್ತಾರೆ, ಅಂತರಗಂಗೆಯಲ್ಲಿ ಮುಳುಗುತ್ತಾರೆ, ಎಣ್ಣೆಮಜ್ಜನದ ಸೇವೆಗೆ ಕಾಯುತ್ತಾರೆ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತಲ್ಲ. ಗೆರೆ ಆಮೇಲೆ ಬಂತು, ಹಾದಿ ಮೊದಲೇ ಇತ್ತು.

ಹನೂರು ಮೇಷ್ಟ್ರು

ನಿಜ. ಶಿವರಾತ್ರಿಗೆ ಮುಂಚೆ ಬೆಂಗಳೂರು, ರಾಮನಗರ, ಕನಕಪುರ ಕಡೆಯವರು ಸಂಗಮದ ಹತ್ತಿರ ಕಾವೇರಿ ದಾಟಿ ಕಾಡುಹಾದಿಯಲ್ಲಿ ನಡೆದು ಬರುತ್ತಾರೆ. ಸೊಂಟದ ಮಟ್ಟ ನೀರು, ಹಗ್ಗ ಹಿಡಿದುಕೊಂಡು ಸಾಲಾಗಿ ದಾಟುತ್ತಾರೆ. ತಲೆ ಮೇಲೆ ಗಂಟು, ಕೆಲವರ ಹೆಗಲ ಮೇಲೆ ಮಗು. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಊಟ ಇಟ್ಟುಕೊಂಡು ಊರಿನವರು ಕಾಯುತ್ತಾರೆ. ಯಾವ ಜಾತಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಊರಿನ ಜನ ಉಳಿದ ದಿನಗಳಲ್ಲೂ ಹಾಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ.

ಪೊನ್ನಾಚಿ ಕಡೆಯವನು

ಎಲ್ಲರೂ ಹಾಡು, ಸಿನಿಮಾ, ಪುಸ್ತಕ ಅಂತೀರಿ. ಒಬ್ಬರೂ ಕಾಡಿನ ಮಾತು ಎತ್ತಲಿಲ್ಲ.

2023ರಲ್ಲಿ ಬೆಟ್ಟದಲ್ಲಿ ಹುಲಿ ಮೇಲೆ ಕೂತ ಮಾದಪ್ಪನ 108 ಅಡಿ ಪ್ರತಿಮೆ ಉದ್ಘಾಟನೆ ಆಯಿತು. ಚೆನ್ನಾಗಿದೆ, ಜನ ಫೋಟೋ ತೆಗೆಸಿಕೊಳ್ಳುತ್ತಾರೆ. 2025ರ ಜೂನ್‌ನಲ್ಲಿ ಅದೇ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಐದು ಹುಲಿ ಸತ್ತವು. ಒಂದು ತಾಯಿ, ನಾಲ್ಕು ಮರಿ. ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಹುಲಿ ಅಂದರೆ ಮಾದಪ್ಪನ ವಾಹನ ಅಂತ ನಂಬುವ ಸೀಮೆಯಲ್ಲಿ ಹೀಗಾಯಿತು. ಹಬ್ಬಕ್ಕೆ ಹುಲಿವಾಹನ ಸೇವೆ ಮಾಡಿಸಿ ಕೈಮುಗಿಯುವವರು ನಾವೇ.

ವಿಷ ಹಾಕಿದವರನ್ನು ನಾನು ಬಿಟ್ಟುಕೊಡುತ್ತಿಲ್ಲ. ಆದರೆ ದನ ಸಾಕುವವರ ಕಷ್ಟವೂ ನನಗೆ ಗೊತ್ತು. ಹಸು ಸತ್ತರೆ ಮನೆಯ ವರ್ಷದ ಸಂಪಾದನೆ ಹೋಯಿತು. ಪರಿಹಾರಕ್ಕೆ ಅಲೆಯಬೇಕು. ಅದಾದ ಮೇಲೆ ಕಾಡಿಗೆ ದನ ಬಿಡಬಾರದು ಅನ್ನುವ ಮಾತು ಜೋರಾಯಿತು. ತಲೆಮಾರುಗಳಿಂದ ಕಾಡಲ್ಲಿ ದನ ಮೇಯಿಸಿಕೊಂಡಿದ್ದವರು ಎಲ್ಲಿಗೆ ಹೋಗಬೇಕು?

ಹಿಂದೆ ಹಿರಿಯರು, ಹುಲಿ ಹಸು ಹಿಡಿದರೆ ‘ಮಾದಪ್ಪ ತೆಗೆದುಕೊಂಡ’ ಅನ್ನುತ್ತಿದ್ದರು. ಸಿಟ್ಟು ಬರುತ್ತಿತ್ತು, ಆದರೆ ತಡೆದುಕೊಳ್ಳುತ್ತಿದ್ದರು. ಆ ಒಂದು ಮಾತು ಕಾಡನ್ನು ಕಾಯುತ್ತಿತ್ತು. ಈಗ ಅದನ್ನು ಹೇಳುವವರೇ ಕಡಿಮೆ ಆಗಿದ್ದಾರೆ. ಹಾಡು ಎಲ್ಲಾ ಫೋನಿನಲ್ಲೂ ಇದೆ. ಕೊಳ್ಳೇಗಾಲದ ಅಕ್ಕ ಕೇಳಿದ್ದಕ್ಕೆ ನನ್ನ ಉತ್ತರ ಇದೇ. ದೇವರು ಹಾಡಿನ ಜೊತೆ ಹೋದನೋ ಇಲ್ಲವೋ ಆಮೇಲೆ ನೋಡೋಣ, ಇಲ್ಲಿ ಉಳಿದುಕೊಂಡಿದ್ದಾನಾ ಅಂತ ಮೊದಲು ಕೇಳಿ.

ಜಾನಪದ ಓದುವವನು

ಬಹಳ ಮುಖ್ಯವಾದ ಮಾತು. ಕಾರಯ್ಯನನ್ನು ತಮ್ಮ ಮೂಲಪುರುಷ ಎನ್ನುವ ಸೋಲಿಗರಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಅವರಿಗೆ ರಂಗಸ್ವಾಮಿ ‘ಭಾವ’. ತಮ್ಮ ಮನೆಯ ಹೆಣ್ಣನ್ನು ಮದುವೆಯಾದವನು. ಅವರಿಗೆ ದೇವರು ನೆಂಟ. ನೆಂಟ ಅಂದಮೇಲೆ ಜಗಳ ಆಡಬಹುದು, ಬೈಯಬಹುದು, ಬಿಟ್ಟುಹಾಕಲು ಮಾತ್ರ ಆಗುವುದಿಲ್ಲ. ನಾವು ವಿದ್ವಾಂಸರು ಪಠ್ಯ ಸಂಗ್ರಹಿಸುವಾಗ ಈ ನೆಂಟಸ್ತನವನ್ನು ಅಡಿಟಿಪ್ಪಣಿಗೆ ತಳ್ಳಿಬಿಟ್ಟಿದ್ದೇವೆ.

ಹೊಸಬ

ಮಾದಪ್ಪ ನಿಜವಾಗಿ ಯಾವ ಜಾತಿ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹನೂರು ಮೇಷ್ಟ್ರು

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಹಾಡಿನ ಕೆಲವು ಪಾಠಗಳಲ್ಲಿ, ಅಂದರೆ ರೂಪಗಳಲ್ಲಿ, ಮಾದಪ್ಪನ ತಾಯಿ ಉತ್ತರಾಜಮ್ಮ ಮಾದಿಗರವಳು. ಇನ್ನು ಕೆಲವರಲ್ಲಿ ವೀರಶೈವ ಗುರುಪರಂಪರೆಯ ಕಥೆ ಇದೆ. ಬೆಟ್ಟದ ಗುಡಿಯಲ್ಲಿ ಪೂಜೆ ಬೇಡಗಂಪಣ ಸಮುದಾಯದವರದು. ದೀಪಾವಳಿಗೆ ಹಾಲರವೆ ಉತ್ಸವದಲ್ಲಿ ಹಳ್ಳದಿಂದ ನೀರು ಹೊತ್ತು ತರುವ 101 ಹೆಣ್ಣುಮಕ್ಕಳೂ ಅವರ ಮನೆಯವರೇ. ಅಲ್ಲೇ ಸಾಲೂರು ಮಠ ಇದೆ. ಗುಡಿ ಕಟ್ಟಿಸಿದವನು ಕುರುಬರ ಜುಂಜೇಗೌಡ. ಎಕ್ಕಡ ಕೊಟ್ಟವನು ಹರಳಯ್ಯ. ಸಂಕಮ್ಮ ಸೋಲಿಗಳು. ಒಂದೊಂದು ಸಾಲಿನಲ್ಲೂ ಒಂದೊಂದು ಕುಲದವರಿದ್ದಾರೆ. ಅವರವರ ಸಾಲನ್ನು ಅವರವರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಇದರಲ್ಲಿ ಯಾವುದೋ ಒಂದನ್ನು ಎತ್ತಿ ಇದೇ ನಿಜ ಅಂದರೆ ಉಳಿದವರನ್ನು ಗುಡಿಯಿಂದ ಆಚೆ ಕಳಿಸಿದ ಹಾಗೆ. ಜಾತಿ ಹಿಡಿದು ಜಗಳ ಬೇಡ, ಇಲ್ಲಿಗೇ ಬಿಡಿ.

ಧಾರವಾಡದ ಓದುಗಿ

ಮೇಷ್ಟ್ರೇ, ಜಗಳ ಬೇಡ ಅನ್ನುವುದು ಸರಿ. ಆದರೆ ಕೇಳಲೇಬಾರದು ಅನ್ನಬೇಡಿ. ಉತ್ತರಾಜಮ್ಮ ಮಾದಿಗರವಳು ಎನ್ನುವ ಪಾಠ ಯಾವಾಗ ಹಿಂದೆ ಸರಿಯಿತು, ಧಾರಾವಾಹಿಯವರು ಯಾವುದನ್ನು ಆರಿಸಿಕೊಂಡರು, ಯಾಕೆ ಆರಿಸಿಕೊಂಡರು, ಇವನ್ನು ಕೇಳುವುದು ನಮ್ಮ ಕೆಲಸ. ಟಿವಿಯಲ್ಲಿ ಬಂದಿದ್ದೇ ನಿಜ ಅಂತ ಮುಂದಿನ ತಲೆಮಾರು ನಂಬಿದರೆ ಉಳಿದ ಪಾಠಗಳು ಪುಸ್ತಕದಲ್ಲಿ ಮಾತ್ರ ಇರುತ್ತವೆ.

ಹನೂರು ಮೇಷ್ಟ್ರು

ಅದು ಒಪ್ಪುವ ಮಾತು. ಕೇಳಮ್ಮ, ಕೇಳು. ತೀರ್ಪು ಕೊಡುವವರಿಗೆ ನಾನು ಹೇಳಿದ್ದು.

ಕೊಳ್ಳೇಗಾಲದವಳು

ಇಷ್ಟೊಂದು ಮಾತು ಬರುತ್ತದೆ ಅಂದುಕೊಂಡಿರಲಿಲ್ಲ. ಪೊನ್ನಾಚಿ ಅಣ್ಣನ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ನಾನು ಬೆಂಗಳೂರಲ್ಲಿ ಕೂತು ಹಾಡಿಗೆ ಏನಾಯಿತು ಅಂತ ಕೇಳುತ್ತಿದ್ದೆ. ಅಲ್ಲಿ ಕಾಡಿಗೇ ಹೀಗಾಗಿದೆ.

ಈಗ ಒಂದು ಕೆಲಸದ ಮಾತು. ಆಫೀಸಿನ ಕೆಲವರು ಗುಡ್ಡರು ಹಾಡುವುದನ್ನು ಎದುರಿಗೆ ಕೂತು ಕೇಳಬೇಕು ಅನ್ನುತ್ತಿದ್ದಾರೆ. ಸಿನಿಮಾಪ್ರಿಯ ಅಣ್ಣನೂ ಬರಬಹುದು. ಗುಡ್ಡರ ಮನೆಯ ಅಣ್ಣಾ, ಹೇಗೆ, ಎಲ್ಲಿ? ಅಪ್ಪನವರು ಈಗಲೂ ಹಾಡುತ್ತಾರಾ?

ಗುಡ್ಡರ ಮನೆಯವನು

ಹಾಡುತ್ತಾರೆ ಅಕ್ಕಾ. ದನಿ ಸ್ವಲ್ಪ ನಡುಗುತ್ತದೆ, ಆದರೆ ಸಾಲು ಮರೆತಿಲ್ಲ. ನಿಮ್ಮ ಮಾತು ಓದಿ ಹೇಳಿದೆ. ಖುಷಿಯಾಯಿತು ಅವರಿಗೆ. ಕೆಲವು ವಿಷಯ ಹೇಳು ಅಂದರು.

ಶಿವರಾತ್ರಿ ಕಳೆದು ಬರುವ ಸೋಮವಾರ ನಮ್ಮ ಊರಲ್ಲೇ ಒಬ್ಬರ ಮನೆಯಲ್ಲಿ ಹರಕೆ ಇದೆ. ಸಂಕಮ್ಮನ ಸಾಲು ಹಾಡಿಸುತ್ತಾರೆ. ನಿಮಗಾಗಿ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳುವುದಿಲ್ಲ. ಆ ಮನೆಯವರ ಜೊತೆ ಕೂತು ಕೇಳಬೇಕು. ಊಟ ಅಲ್ಲೇ. ನಡುರಾತ್ರಿ ಎದ್ದು ಹೋಗುವ ಹಾಗಿಲ್ಲ, ಸಂಕಮ್ಮನನ್ನು ಗುಡಿಸಲಲ್ಲಿ ಕಟ್ಟಿಹಾಕಿದ ಕಡೆ ಬಿಟ್ಟು ಎದ್ದರೆ ಅಪ್ಪನಿಗೆ ಸಿಟ್ಟು ಬರುತ್ತದೆ. ಮಕ್ಕಳು ಹುಟ್ಟುವವರೆಗೂ ಕೂರಬೇಕು. ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು, ಆದರೆ ಎಲ್ಲಿಗಾದರೂ ಹಾಕಿದರೆ ಹಾಡಿದ ನಾಲ್ಕೂ ಜನರ ಹೆಸರು, ಊರು, ಗುರುವಿನ ಹೆಸರು ಬರೆಯಬೇಕು. ಜೋಳಿಗೆ ಮುಂದೆ ಬಂದಾಗ ದುಡ್ಡೇ ಹಾಕಬೇಕು ಅಂತಿಲ್ಲ, ಒಂದು ಹಿಡಿ ರಾಗಿ ಆದರೂ ಸಾಕು.

ಪೊನ್ನಾಚಿಯವರಿಗೂ ಹೇಳಿ ಅಂದರು ಅಪ್ಪ. ‘ಮಾದಪ್ಪ ತೆಗೆದುಕೊಂಡ’ ಅನ್ನುವ ಮಾತನ್ನು ಅವತ್ತು ಹಾಡಿನ ನಡುವೆ ಸೇರಿಸಿ ಹೇಳುತ್ತಾರಂತೆ. ಸಾಲಿನಲ್ಲಿ ಇಲ್ಲದ ಮಾತು ಅಲ್ವಾ ಅಂತ ಕೇಳಿದೆ. ‘ನಮ್ಮ ಗುರು ಹಾಡುವಾಗಲೂ ಬರಗಾಲದ ಮಾತು ಸೇರಿಸುತ್ತಿದ್ದರು, ನೀನು ಸುಮ್ನಿರು’ ಅಂದರು.

ಪೊನ್ನಾಚಿ ಕಡೆಯವನು

ಬರುತ್ತೇನೆ. ನಮ್ಮ ಕೇರಿಯಿಂದ ದನ ಕಾಯುವ ಹುಡುಗರನ್ನೂ ಕರೆದುಕೊಂಡು ಬರುತ್ತೇನೆ. ಊರು, ಮನೆ ಯಾವುದು ಅಂತ ನನಗೆ ಬೇರೆಯಾಗಿ ಬರೆದು ಕಳಿಸಿ.